ಮುಕ್ತಾಳ ಹಸಿರು ಶಿವ

ರಾಜಾಜಿನಗರ, ಬೆಂಗಳೂರು
ಗುರುವಾರ, 23 ಮೇ 1974

ಮುಕ್ತಾಳ ತಂದೆಯವರಿಗೆ,

ಪ್ರತಿ ಸಲ ಬರೆಯುವ ಸಂಬೋಧನೆಯನ್ನೇ ಬರೆಯಲು ಹೋದೆ, ಪೆನ್ನು ಮುಂದೆ ಹೋಗಲಿಲ್ಲ. ನೀವು ಅವಳ ತಂದೆ ಅನ್ನುವುದಂತೂ ಸುಳ್ಳಲ್ಲವಲ್ಲ, ಅಷ್ಟನ್ನೇ ಬರೆದಿದ್ದೇನೆ. ನಾವೆಲ್ಲ ಇಲ್ಲಿ ಕ್ಷೇಮ ಅನ್ನುವ ಸಾಲನ್ನು ಹುಡುಕಬೇಡಿ. ಮಗು ಕ್ಷೇಮ. ಹೊಟ್ಟೆ ತುಂಬ ಹಾಲು ಕುಡಿಯುತ್ತಾನೆ, ಹಗಲೆಲ್ಲ ಮಲಗಿ ರಾತ್ರಿಯೆಲ್ಲ ಕಣ್ಣು ಬಿಟ್ಟುಕೊಂಡಿರುತ್ತಾನೆ. ಹೆತ್ತಾಗಿನಿಂದ ನನಗೂ ಸರಿಯಾಗಿ ನಿದ್ದೆ ಇಲ್ಲ. ಆದರೆ ಸೋಮವಾರದಿಂದ ಈಚೆಗೆ ಅವನು ಮಲಗಿದರೂ ನನಗೆ ಕಣ್ಣು ಮುಚ್ಚಲಾಗುತ್ತಿಲ್ಲ. ಯಾಕೆ ಅಂತ ಹೇಳುತ್ತೇನೆ, ಓದಿ. ಅರ್ಧಕ್ಕೆ ಮಡಿಚಿಟ್ಟು ಕ್ಲಬ್ಬಿಗೆ ಹೋಗಬೇಡಿ.

ಈ ಮಧ್ಯಾಹ್ನ ಮನೆಯಲ್ಲಿ ನಾನು ಮತ್ತು ಮಕ್ಕಳು ಮಾತ್ರ. ಅತ್ತೆಯವರು ನಿಮ್ಮ ಸೋದರತ್ತೆಯನ್ನು ಕರೆದುಕೊಂಡು ವಿಜಯನಗರಕ್ಕೆ, ಭಾವನವರ ಮನೆಗೆ ಹೋಗಿದ್ದಾರೆ. ನಿಮಗೆ ಬರೆಯಲು ಅಂತ ಏರ್‌ಲೆಟರ್ ತಂದಿಟ್ಟಿದ್ದೆ. ಅದರಲ್ಲಿ ನನ್ನ ಸಿಟ್ಟು ಹಿಡಿಸುವುದಿಲ್ಲ. ಅದಕ್ಕೇ ಮುಕ್ತಾಳ ಕಾಪಿ ಪುಸ್ತಕದ ಹಾಳೆ ಹರಿದುಕೊಂಡಿದ್ದೇನೆ. ಅವಳು ಹಿತ್ತಲಲ್ಲಿ ಪಕ್ಕದ ಮನೆಯ ಮುನಿತಾಯಮ್ಮನವರ ಜೊತೆ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದಾಳೆ. ಸೋಮವಾರದಿಂದ ಅವಳು ಹೆಚ್ಚು ಮಾತಾಡುತ್ತಿಲ್ಲ. ಆ ಹುಡುಗಿ ಮಾತಾಡದೆ ಇದ್ದದ್ದನ್ನು ನೀವು ಯಾವತ್ತಾದರೂ ಕಂಡಿದ್ದೀರಾ?

ನಿಮ್ಮ ಮಗನಿಗೆ ಲಿಂಗ ಕಟ್ಟುವ ಕಾರ್ಯ ಸೋಮವಾರ ಇಟ್ಟುಕೊಂಡಿದ್ದೆವು. ಆ ದಿನವೇ ಆಗಲಿ ಅಂತ ನೀವೇ ಆ ಕಿಟ್ವೆ ಗಣಿಯೂರಿನಿಂದ ಒಪ್ಪಿ ಬರೆದಿದ್ದಿರಿ. ರೈಲು ಮುಷ್ಕರ ಅಂತ ಊರ ಕಡೆಯವರು ಯಾರೂ ಬರಲಾರರು ಅಂದುಕೊಂಡಿದ್ದೆ. ಎಲ್ಲರೂ ಬಸ್ಸು ಹಿಡಿದು ಬಂದೇಬಿಟ್ಟರು. ಜಗದಾಂಬಾ ಸೋದರತ್ತೆ ದಾವಣಗೆರೆಯಿಂದ ಕೂತೇ ಬಂದು ಕಾಲು ಊದಿಸಿಕೊಂಡಿದ್ದರು, ಆ ಕಾಲಿನ ಸುದ್ದಿಯನ್ನು ಬಾಗಿಲಲ್ಲೇ ಶುರು ಮಾಡಿದರು. ಭಾವನವರು ಆಫೀಸಿಗೆ ರಜೆ ಹಾಕಿ ರೇಷ್ಮೆ ಪಂಚೆ ಉಟ್ಟು ಬಂದರು. ಲಿಂಗ ಕಟ್ಟಬೇಕಾದ ಏಕಾಂತಯ್ಯನವರು ಮಾತ್ರ ಹೇಳಿದ ಹೊತ್ತಿಗಿಂತ ಮೊದಲೇ ಬಂದು, ಅಡುಗೆಮನೆ ಕಡೆ ಒಂದು ಸಲ ಮುಖ ತಿರುಗಿಸಿ, ಹೋಳಿಗೆಯೇನವ್ವಾ ಅಂತ ವಿಚಾರಿಸಿ, ಆಮೇಲೆ ಕೂತರು.

ಮಗುವಿನ ಕೆಲಸ ಚೆನ್ನಾಗಿಯೇ ಆಯಿತು. ಹಣೆಗೆ ವಿಭೂತಿ ಹಚ್ಚಿ, ಕಿವಿಯಲ್ಲಿ ಮಂತ್ರ ಹೇಳಿ, ಲಿಂಗ ಕಟ್ಟಿದರು. ಅವನು ಅಳಲಿಲ್ಲ, ಅಯ್ಯನವರ ಗಡ್ಡ ಹಿಡಿದು ಎಳೆದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಗ ಏಕಾಂತಯ್ಯನವರು ಇವನ ಅಕ್ಕ ಎಲ್ಲಿದಾಳವ್ವಾ, ಬಂದು ತನ್ನ ಪೂಜೆ ತೋರಿಸಲಿ, ತಮ್ಮ ನೋಡಿ ಕಲೀಲಿ ಅಂದರು. ಅತ್ತೆಯವರ ಮುಖ ನೋಡಬೇಕಿತ್ತು ನೀವು. ನಮ್ಮ ಪಂಚಾಕ್ಷರಿ ಆ ದೇಶದಲ್ಲಿದ್ದರೂ ಮಗಳ ಪೂಜೆ ಒಂದು ದಿನ ತಪ್ಪಿಸಿಲ್ಲ, ಪ್ರತಿ ಕಾಗದದಲ್ಲೂ ಬರೀತಾನೆ ಅಂತ ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದರು. ನಿಜವೇ. ಪ್ರತಿ ಕಾಗದದಲ್ಲೂ ನೀವು ಬರೆದಿದ್ದಿರಿ.

ಮುಕ್ತಾ ಜರಿಲಂಗ ಎತ್ತಿಕೊಂಡು ಬಂದು ಚಕ್ಕಂಬಕ್ಕಳ ಹಾಕಿ ಕೂತಳು. ಕೊರಳಲ್ಲಿದ್ದ ಬೆಳ್ಳಿ ಕರಡಿಗೆಯನ್ನು, ಅವಳ ಅಜ್ಜಿ ಮಾಡಿಸಿ ಹಾಕಿದ್ದನ್ನು, ತಾನೇ ತೆಗೆದಳು. ಒಳಗಿನದನ್ನು ಎಡ ಅಂಗೈ ಮೇಲೆ ಇಟ್ಟುಕೊಂಡಳು. ಬೆನ್ನು ನೆಟ್ಟಗೆ, ಕಣ್ಣು ಅಂಗೈ ಮೇಲೆ. ನೀವು ಕಲಿಸಿದ ಹಾಗೆಯೇ. ಇಲ್ಲಿಗೆ ಬಂದಾಗಿನಿಂದ ದಿನಾ ಬೆಳಿಗ್ಗೆ ಸ್ನಾನ ಆದ ಮೇಲೆ ಒಬ್ಬಳೇ ಹೀಗೆ ಕೂರುತ್ತಿದ್ದಳು, ಅಜ್ಜಿ ಹತ್ತಿರ ಬಂದರೆ ನನ್ನ ಪೂಜೆ ನಾನೇ ಮಾಡ್ಕೋತೀನಿ ಅನ್ನುತ್ತಿದ್ದಳು. ಎಂಥ ನಿಷ್ಠೆ ಅಂತ ನಾನೂ ಅತ್ತೆಯವರೂ ಬೀಗುತ್ತಿದ್ದೆವು. ಏಕಾಂತಯ್ಯನವರು ತಂಬಿಗೆಯಿಂದ ಬಿಸಿನೀರು ಬಿಟ್ಟು ಹೆಬ್ಬೆರಳಿನಿಂದ ಮೆಲ್ಲಗೆ ಉಜ್ಜಿದರು. ಲಿಂಗದ ಮೇಲಿನ ಕಪ್ಪು ಎದ್ದು ಬಂತು. ಗಾಯದ ಮೇಲಿನ ಹಕ್ಕಳೆ ಏಳುತ್ತದಲ್ಲ, ಹಾಗೆ. ಕೆಳಗೆ ಹಸಿರು. ನವಿಲಿನ ಕತ್ತಿನ ಹಸಿರು, ಅದರಲ್ಲಿ ಸುತ್ತು ಸುತ್ತು ಗೆರೆ. ಅಲ್ಲಿ ನಮ್ಮ ಮನೆಯ ಕಿಟಕಿಯಲ್ಲಿ ನೀವು ಗಣಿಯಿಂದ ತಂದು ಸಾಲಾಗಿ ಜೋಡಿಸಿಟ್ಟಿದ್ದೀರಲ್ಲ, ಆ ಕಲ್ಲು.

ಇದೇನವ್ವಾ ಇದು ಅಂದರು ಅಯ್ಯನವರು.

ನಿಮ್ಮ ಮಗಳು ಹೆಮ್ಮೆಯಿಂದ ತಲೆ ಎತ್ತಿದಳು. ಶಿವ ಅಂದಳು. ಜಾಂಬಿಯಾ ಶಿವ, ಒಳಗೆ ಹಸಿರಾಗಿರ್ತಾನೆ, ಅಪ್ಪ ಮೇಲೆ ಕಪ್ಪು ಬಣ್ಣ ಹಚ್ಚಿದ್ದಾರೆ ಅಂದಳು. ಅಷ್ಟು ಹೇಳಿದವಳೇ ಬಲಗೈಯಿಂದ ಬಾಯಿ ಮುಚ್ಚಿಕೊಂಡಳು. ಹೇಳಬಾರದ್ದನ್ನು ಹೇಳಿಬಿಟ್ಟೆ ಅಂತ ಅವಳಿಗೆ ಆಗ ಗೊತ್ತಾಯಿತು. ಆ ಕೈಯನ್ನು ಆಮೇಲೆ ಅವಳು ತುಂಬ ಹೊತ್ತು ತೆಗೆಯಲಿಲ್ಲ.

ಅಯ್ಯನವರು ಆ ಸಿಪ್ಪೆಯನ್ನು ಮೂಸಿ ನೋಡಿ ಮುಖ ಕಿವಿಚಿದರು. ನಾನು ಮೂಸಬೇಕಾಗಿರಲಿಲ್ಲ. ಮೋಟಾರಿನ ತಂತಿಗೆ ನೀವು ಬಳಿಯುವ ಕರಿ ವಾರ್ನಿಶ್. ಆ ವಾಸನೆಯ ಕೋಟನ್ನು ಎಷ್ಟು ಸಲ ಒಗೆದಿದ್ದೇನೆ ನಾನು! ವರ್ಕ್‌ಶಾಪಿನಲ್ಲಿ ಕೂತು, ಕಲ್ಲನ್ನು ಉಜ್ಜಿ ಉಜ್ಜಿ ಆಕಾರಕ್ಕೆ ತಂದು, ವಾರ್ನಿಶ್ ಬಳಿದು, ಒಣಗಿಸಿ, ಮಗುವಿನ ಕರಡಿಗೆಯೊಳಗೆ ಇಟ್ಟಿದ್ದೀರಿ. ಇಷ್ಟು ನಾಜೂಕಾಗಿ ಮನೆಯ ಒಂದು ಸ್ವಿಚ್ಚು ರಿಪೇರಿ ಮಾಡಿಕೊಟ್ಟಿಲ್ಲ ನೀವು.

ಆಮೇಲಿನದನ್ನು ಕೇಳಿ. ಸೋದರತ್ತೆ ಎದೆ ಬಡಿದುಕೊಂಡರು. ಅಯ್ಯೋ ಶಿವನೇ, ಲಿಂಗ ಇಲ್ಲದ ಕೊರಳಲ್ಲಿ ಇಷ್ಟು ದಿನ ಕೂಸು ಅನ್ನ ತಿಂದಿದೆಯಲ್ಲಪ್ಪಾ, ಹಿಂದಿನವರು ಲಿಂಗ ಕಳೆದರೆ ಹೊಸದು ಕಟ್ಟಿಸಿಕೊಳ್ಳೋ ತನಕ ನೀರೂ ಮುಟ್ಟುತಿರಲಿಲ್ಲ, ನಮ್ಮಪ್ಪ ಹೇಳುತಿದ್ದ, ಅಂತ. ಭಾವನವರು ಶಾಂತವಾಗಿ, ಫೈಲಿಗೆ ಷರಾ ಬರೆಯುವ ಧ್ವನಿಯಲ್ಲಿ, ಬಿ.ಎ. ಓದಿದ ಹುಡುಗಿಯನ್ನ ತಂದರೆ ಇಂಥವು ಆಗೋದೇ ಅಂದರು. ಬಣ್ಣ ಹಚ್ಚಿದವರು ಯಾರು ಅಂತ ಮಗು ಬಾಯಿಬಿಟ್ಟು ಹೇಳಿದೆ, ಆದರೂ ನಾನು ಬಿ.ಎ. ಓದಿದ್ದು ತಪ್ಪು. ನಿಮ್ಮ ಅಣ್ಣನವರ ಕರಡಿಗೆಯ ಕಥೆ ನಿಮಗೆ ಗೊತ್ತೇ? ಅವರಿಗೆ ಪ್ರಮೋಷನ್ ಆದಾಗಿನಿಂದ ಅದು ದೇವರಮನೆಯ ಮೊಳೆಗೆ ನೇತುಹಾಕಿಕೊಂಡಿದೆ. ಅಂಗಿಯ ಒಳಗೆ ಉಬ್ಬಿ ಕಾಣುತ್ತದಂತೆ. ಶಿವರಾತ್ರಿಗೆ ಒಂದು ಸಲ ಇಳಿಯುತ್ತದೆ. ಸೋಮವಾರ ಬೆಳಿಗ್ಗೆ ಟವೆಲ್ಲಿನಿಂದ ಜೇಡರಬಲೆ ಒರೆಸಿ ಹಾಕಿಕೊಂಡು ಬಂದರು ಅಂತ ಅವರ ಹೆಂಡತಿ, ಅಕ್ಕನೇ ನನ್ನ ಕಿವಿಯಲ್ಲಿ ಹೇಳಿದರು. ಅವರ ಕರಡಿಗೆಯನ್ನು ಯಾರೂ ತೆರೆದು ನೋಡಲಿಲ್ಲ. ಅವರು ರಾಜಾಜಿನಗರ ದಾಟಿ ವಿಜಯನಗರದ ತನಕ ಮಾತ್ರ ಹೋಗಿದ್ದಾರಲ್ಲ, ಅಷ್ಟು ದೂರಕ್ಕೆ ಸಂಸ್ಕಾರ ಕೆಡುವುದಿಲ್ಲ.

ಏಕಾಂತಯ್ಯನವರು ಪುಸ್ತಕ ನೋಡಿ ಹೇಳ್ತೀನಿ, ಒಳ್ಳೆ ದಿನ ನೋಡಿ ಹೊಸದು ಕಟ್ಟೋಣ, ಈಗ ಹೋಳಿಗೆ ಆರ್ತಾವೆ ಅಂತ ಎದ್ದರು.

ಅತ್ತೆಯವರು ಮಾತ್ರ ಏಳಲಿಲ್ಲ. ಅವರು ಆ ಕಲ್ಲನ್ನು ನೋಡಲಿಲ್ಲ, ಮುಕ್ತಾಳನ್ನು ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದರು. ಆಮೇಲೆ ಹೇಳಿದರು, ಅದಕ್ಕೇ ನಮ್ಮ ಪಂಚಾಕ್ಷರಿ ಬರೆದದ್ದು, ಮುಕ್ತಾ ನಿನ್ನ ಹತ್ತಿರವೇ ಇರಲಿ ಅವ್ವಾ, ಜಯದೇವಿ ಚಿಕ್ಕವನನ್ನ ಕರಕೊಂಡು ಬರಲಿ ಅಂತ. ಅವನಿಗೆ ಎಲ್ಲಾ ಗೊತ್ತಿತ್ತು. ನಿನ್ನ ಕೈಯಲ್ಲಿ ಆಗಲ್ಲ ಅಂತ ಗೊತ್ತಿತ್ತು.

ನನ್ನ ಕೈಯಲ್ಲಿ ತುಪ್ಪದ ಗಿಂಡಿ ಇತ್ತು. ಬೀಳಿಸಲಿಲ್ಲ. ಎಲ್ಲರ ಎಲೆಗೂ ಬಡಿಸಿದೆ. ಭಾವನವರ ಎಲೆಗೆ ಎರಡು ಸಲ ಬಡಿಸಿದೆ. ಅಷ್ಟು ಮಾಡಿದ ಮೇಲೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ.

ಈಗ ನೀವು ಹೇಳಿ. ನನ್ನ ಮಗಳನ್ನು ಇಲ್ಲಿ ಬಿಟ್ಟು ಹೋಗಬೇಕು ಅಂತ ನೀವೂ ನಿಮ್ಮ ತಾಯಿಯವರೂ ಯಾವತ್ತು ನಿರ್ಧರಿಸಿದಿರಿ? ನಾನು ಆಸ್ಪತ್ರೆಯಲ್ಲಿ ನೋವು ತಿನ್ನುತ್ತಿದ್ದಾಗಲೋ, ಅದಕ್ಕೂ ಮೊದಲೋ? ಜನವರಿಯಲ್ಲಿ ನೀವು ವಿಮಾನ ನಿಲ್ದಾಣದಲ್ಲಿ ಮುಕ್ತಾಳನ್ನು ಎತ್ತಿ ಎತ್ತಿ ಮುದ್ದಿಸಿದಿರಿ, ಇಷ್ಟು ದೊಡ್ಡವಳನ್ನು ಯಾಕೆ ಹಾಗೆ ಎತ್ತುತ್ತೀರಿ ಅಂತ ನಾನೇ ಗದರಿದೆ. ಆಗಲೇ ನಿಮಗೆ ಗೊತ್ತಿತ್ತೇ?

ನನಗೆ ಬುದ್ಧಿ ಇರಬೇಕಿತ್ತು. ಹೋದ ವಾರ ಮುನಿತಾಯಮ್ಮನವರ ಮಗಳು ಜಲಜಾ ಗೇಟಿನಲ್ಲಿ ಸಿಕ್ಕಿದ್ದಳು. ನಮ್ಮ ಹಿಂದಿನ ರಸ್ತೆಯ ಶಾಲೆಯಲ್ಲಿ ಟೀಚರು ಅವಳು. ಮುಕ್ತಾಗೆ ಯೂನಿಫಾರಂ ಹೊಲಿಯೋಕೆ ಕೊಟ್ರಾ ಅಕ್ಕಾ, ಜೂನ್ ಮೊದಲ ವಾರ ಶುರು, ಒಂದನೇ ಕ್ಲಾಸು ನನ್ನದೇ ಅಂದಳು. ಬೇರೆ ಯಾವುದೋ ಮುಕ್ತಾ ಇರಬೇಕು ಕಣೇ, ನಾವು ಜೂನಿಗೆ ಹೊರಡ್ತೀವಿ ಅಂದೆ. ಅವಳು ಪಾಪ, ಮುಖ ಒಂದು ಥರ ಮಾಡಿಕೊಂಡು, ಅಜ್ಜಿಯವರೇ ಬಂದು ಸೇರಿಸಿ ಹೋದರಲ್ಲ ಅಂತ ಹೇಳಲೇ ಇರಬೇಕು, ಬಾಯಿ ತೆರೆದವಳು ಮುಚ್ಚಿಕೊಂಡಳು. ಕಂಪನಿಯಿಂದ ನನ್ನ ಮತ್ತು ಮಗುವಿನ ಟಿಕೆಟ್ ಬಂದಾಗಲೂ ಮುಕ್ತಾಳದು ಹಿಂದಿನಿಂದ ಬರುತ್ತದೆ ಅಂತಲೇ ಕಾದೆ. ಕಾಲೇಜಿನಲ್ಲಿ ತರ್ಕಶಾಸ್ತ್ರಕ್ಕೆ ನನಗೆ ಮೊದಲ ದರ್ಜೆ ಬಂದಿತ್ತು!

ಸಂಸ್ಕಾರ ಅನ್ನುತ್ತೀರಿ. ನಮ್ಮತನ ಅನ್ನುತ್ತೀರಿ. ಅದನ್ನು ಆ ಊರಿನಲ್ಲಿ ಹೊತ್ತುಕೊಂಡು ನಿಂತವರು ಯಾರು? ಜೋಳದ ಹಿಟ್ಟು ಸಿಗದೆ ಮೆಕ್ಕೆಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿ ರೊಟ್ಟಿ ತಟ್ಟಿದ್ದು ಯಾರು? ಹರಿದು ಹರಿದು ಹೋಗುತ್ತಿತ್ತು, ಮೂರು ತಿಂಗಳ ಮೇಲೆ ಒಂದು ದಿನ ಉಬ್ಬಿತು. ಆ ದಿನ ಮುಕ್ತಾ ಚಪ್ಪಾಳೆ ತಟ್ಟಿದಳು, ನೀವು ಕ್ಲಬ್ಬಿನಲ್ಲಿ ಊಟ ಆಯಿತು ಅಂದಿರಿ. ಅಂಗಳದ ಕೆಂಪು ಮಣ್ಣಿನಲ್ಲಿ ಬೆರಳಿಡಿಸಿ ಅವಳಿಗೆ ಅ ಆ ತಿದ್ದಿಸಿದ್ದು ಯಾರು? ಪಕ್ಕದ ಮನೆಯ ಮುಲೆಂಗಾಳೂ ಜೊತೆಗೆ ಕೂತು ತಿದ್ದಿದಳು. ಈಗ ಕಿಟ್ವೆಯಲ್ಲಿ ಕನ್ನಡ ಅಕ್ಷರ ಬರುವ ಮಕ್ಕಳು ಇಬ್ಬರು. ಯುಗಾದಿಗೆ ಬೇವು ಸಿಗದೆ ಆ ಊರಿನ ಯಾವುದೋ ಕಹಿ ಎಲೆ ತಂದು, ನಾನೇ ಮೊದಲು ತಿಂದು, ಸಾಯಲಿಲ್ಲ ಅಂತ ಖಾತ್ರಿ ಮಾಡಿಕೊಂಡು ನಿಮಗೆ ಕೊಟ್ಟೆ. ಇವೆಲ್ಲ ನನ್ನ ಪಾಲು. ನಿಮ್ಮ ಪಾಲಿಗೆ ಇದ್ದದ್ದು ಒಂದೇ ಒಂದು. ಬೆಳಿಗ್ಗೆ ಮಗಳ ಜೊತೆ ಪೂಜೆಗೆ ಕೂರುವುದು.

ಅದನ್ನು ನೀವು ಚೆನ್ನಾಗಿ ಮಾಡುತ್ತಿದ್ದಿರಿ, ಸುಳ್ಳು ಯಾಕೆ ಹೇಳಲಿ. ನೀವಿಬ್ಬರೂ ಎದುರುಬದುರು ಕೂತು ಅಂಗೈ ಚಾಚಿಕೊಂಡಿದ್ದಾಗ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಹಾಲು ಉಕ್ಕಿದ್ದೂ ಉಂಟು. ಹಗಲೆಲ್ಲ ನಿಮ್ಮ ಮೇಲೆ ಎಷ್ಟೇ ಸಿಟ್ಟು ಬಂದರೂ ಆ ಹತ್ತು ನಿಮಿಷದ ನೆನಪಿಗೆ ಸುಮ್ಮನಾಗುತ್ತಿದ್ದೆ. ಹೋದ ದಸರಾ ಹೊತ್ತಿಗೆ ನೀವು ಮಲೇರಿಯಾ ಅಂತ ಎರಡು ದಿನ ಏನೂ ತಿನ್ನದೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದಿರಿ. ಮೂರನೆಯ ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ಮುಕ್ತಾಳ ಜೊತೆ ಪೂಜೆಗೆ ಕೂತಿರಿ. ನಾನು ನಿಂತಲ್ಲೇ ಕೈ ಮುಗಿದೆ. ಆಗ ಅವಳ ಅಂಗೈಯಲ್ಲಿ ಇದ್ದದ್ದು ಏನು? ಲಿಂಗವೋ, ವಾರ್ನಿಶ್ಶೋ?

ನಿಜವಾದದ್ದು ಎಲ್ಲಿ ಹೋಯಿತು ಹೇಳಿ. ಶಾಲೆಯ ಮಿಸ್ಸು ಕೊರಳಲ್ಲಿ ಅದೇನು ಡಬ್ಬಿ ಅಂತ ಕೇಳಿದ್ದಕ್ಕೆ ಹೆದರಿ ತೆಗೆದಿಟ್ಟಿರೋ? ಈಜುಕೊಳದಲ್ಲಿ ಬಿತ್ತೋ? ಬಿದ್ದಿದ್ದರೆ ಬೀಳಲಿ, ಮಕ್ಕಳು ಬೀಳಿಸುತ್ತಾರೆ. ನನಗೆ ಹೇಳಿದ್ದರೆ ಒಂದು ಕಾಗದ ಬರೆದು ಹೊಸದು ತರಿಸುತ್ತಿದ್ದೆ. ನನಗೆ ಹೊಟ್ಟೆ ಉರಿಯುವುದು ಕಲ್ಲಿಗಲ್ಲ. ಆರು ವರ್ಷದ ಮಗುವಿಗೆ ಯಾರಿಗೂ ಹೇಳಬೇಡ ಅಂತ ಮಾತು ತೆಗೆದುಕೊಂಡಿರಲ್ಲ, ಅದಕ್ಕೆ. ದಿನಾ ಅಂಗೈಯಲ್ಲಿ ಸುಳ್ಳು ಇಟ್ಟುಕೊಂಡು ಅದನ್ನೇ ನೋಡು ಅಂದಿರಲ್ಲ, ಅದಕ್ಕೆ. ನಾನು ಮೂರು ದಿನದಿಂದ ಕೇಳುತ್ತಿದ್ದೇನೆ, ಬೆಲ್ಲ ಕೊಟ್ಟು ಕೇಳಿದೆ, ಗದರಿ ಕೇಳಿದೆ. ಅಪ್ಪ ಹೇಳಬೇಡ ಅಂದಿದ್ದಾರೆ ಅನ್ನುತ್ತಾಳೆ, ಅಷ್ಟೇ. ಆ ಹಸಿರು ಕಲ್ಲನ್ನು ಎಸೆಯಲು ಹೋದರೆ ಯಾರನ್ನೂ ಮುಟ್ಟಗೊಡಲಿಲ್ಲ. ಲಂಗದ ಜೇಬಿನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದಾಳೆ.

ಅತ್ತೆಯವರ ಜೊತೆ ನಿನ್ನೆ ಮಾತಾಡಿದೆ. ಜಗಳ ಅಂತಲೇ ಬರೆಯುತ್ತೇನೆ, ಹೇಗೂ ನಿಮಗೆ ಅವರ ಕಾಗದ ಬರುತ್ತದೆ. ನನ್ನ ಮಗ ದೇವರ ವಿಷಯದಲ್ಲಿ ಹಾಗೆ ಮಾಡೋನಲ್ಲ, ಮಗು ಬಾಯಲ್ಲಿ ನೀನೇ ಹೇಳಿಸಿದೀಯಾ ಅಂದರು. ಆಮೇಲೆ ದನಿ ಇಳಿಸಿದರು. ಎರಡೇ ವರ್ಷ ಕಣೇ ಜಯದೇವಿ, ಕಾಂಟ್ರಾಕ್ಟ್ ಮುಗಿಯೋ ತನಕ, ನಾಲಿಗೆ ತಿರುಗಲಿ, ನಾಲ್ಕು ವಚನ ಬಾಯಿಗೆ ಬರಲಿ, ನಮ್ಮ ಊಟ ಒಗ್ಗಲಿ ಅಂದರು. ಊಟ ಅಂದದ್ದು ಯಾಕೆ ಗೊತ್ತೇ? ಮುಕ್ತಾ ಬಂದ ಹೊಸತರಲ್ಲಿ ಎನ್ಶಿಮಾ ಬೇಕು ಅಂತ ಹಟ ಮಾಡಿದ್ದಳು. ಅದೇನು ಮಾಂಸವೇನೇ ಅಂತ ಅತ್ತೆಯವರು ಗಾಬರಿ ಬಿದ್ದರು. ನಾನು ಮೆಕ್ಕೆಜೋಳದ ಹಿಟ್ಟು ತಿರುವಿ ಮಾಡಿಕೊಟ್ಟೆ. ಮುನಿತಾಯಮ್ಮನವರು ಕಾಂಪೌಂಡಿನ ಮೇಲಿಂದ ಬಗ್ಗಿ ನೋಡಿ, ಅತ್ತೆಯವರ ಕಡೆ ತಿರುಗಿ ನಕ್ಕರು. ಇದ್ಕೆ ಇಷ್ಟು ರಂಪಾನಾ ಕಲ್ಯಾಣಮ್ನೋರೇ, ನಮ್ ಮುದ್ದೇನೇ ಸುಣ್ಣ ಬಳ್ಕಂಡ್ ನಿಂತೈತೆ, ಒಸಿ ಬಸ್ಸಾರು ತರ್ತೀನಿ ತಾಳಿ ಅಂದರು. ತಂದರು. ಮುಕ್ತಾ ಬಸ್ಸಾರಿನ ಜೊತೆ ಎನ್ಶಿಮಾ ನುಂಗಿದಳು. ಅತ್ತೆಯವರು ಅವತ್ತು ನಗಲಿಲ್ಲ, ಆದರೆ ಮಾರನೆಯ ದಿನ ತಾವೇ ಮಾಡಿಕೊಟ್ಟರು. ಅವರು ಕೆಟ್ಟವರಲ್ಲ. ಅವಳ ತಲೆ ಬಾಚುವಾಗ ಅವರ ಕೈ ಎಷ್ಟು ಮೆತ್ತಗೆ ಓಡುತ್ತದೆ ಅಂತ ನಾನು ನೋಡಿದ್ದೇನೆ. ಅವರಿಗೆ ಮೊಮ್ಮಗಳು ಬೇಕು, ಕೇಳಿದರು. ನನಗೆ ಅರ್ಥವಾಗುತ್ತದೆ. ಕೊಟ್ಟವರು ನೀವು. ನಿಮ್ಮೊಬ್ಬರದಲ್ಲದ್ದನ್ನು ಕೊಟ್ಟಿರಿ.

ಎರಡು ವರ್ಷ ಅಂತೆ. ನಿಮ್ಮ ಕಂಪನಿಯ ಎರಡು ವರ್ಷ ನನಗೆ ಗೊತ್ತಿಲ್ಲವೇ? ಹೋಗುವಾಗಲೂ ಎರಡೇ ವರ್ಷ ಅಂದಿರಿ, ಈಗ ನಾಲ್ಕಾಗಿದೆ. ಆ ಲೆಕ್ಕದಲ್ಲಿ ನಾವು ತಿರುಗಿ ಬರುವ ಹೊತ್ತಿಗೆ ಅವಳು ನನ್ನನ್ನು ನೀವು ಅಂತ ಬಹುವಚನದಲ್ಲಿ ಮಾತಾಡಿಸುತ್ತಾಳೆ. ವಚನ ಹೇಳುತ್ತಾಳೆ, ರೊಟ್ಟಿ ತಿನ್ನುತ್ತಾಳೆ, ಹಣೆಯ ಮೇಲೆ ವಿಭೂತಿ ಇರುತ್ತದೆ, ನಾನು ಬಾಗಿಲಿಗೆ ಬಂದರೆ ಅಜ್ಜಿಯ ಸೆರಗಿನ ಹಿಂದೆ ಸರಿಯುತ್ತಾಳೆ. ಆ ಸಂಸ್ಕಾರ ನನಗೆ ಬೇಡ.

ಇನ್ನೊಂದು ಮಾತು. ನಿನ್ನೆ ಸಂಜೆ ಮಗುವಿಗೆ ಹಾಲು ಕೊಡುತ್ತಿದ್ದಾಗ ಮುಕ್ತಾ ಬಂದು ಬಾಗಿಲಲ್ಲಿ ನಿಂತಳು. ಅಲ್ಲಿಂದಲೇ ಕೇಳಿದಳು: ಅಮ್ಮಾ, ನಾನು ಹಸಿರು ಶಿವನ ಗುಟ್ಟು ಹೇಳಿಬಿಟ್ಟೆ ಅಂತ ತಾನೇ ನನ್ನನ್ನ ಬಿಟ್ಟು ಹೋಗ್ತಾ ಇರೋದು? ಇನ್ನು ಮೇಲೆ ಯಾರಿಗೂ ಏನೂ ಹೇಳಲ್ಲ ಅಂದಳು.

ಈ ಸಾಲನ್ನು ನೀವು ಎರಡು ಸಲ ಓದಬೇಕು. ಓದಿದ ಮೇಲೆ ನಿಮ್ಮ ಕಿಟಕಿಯ ಕಲ್ಲುಗಳನ್ನು ನೋಡುತ್ತಾ ಕೂರಿ.

ನಾನು ನಿರ್ಧಾರ ಮಾಡಿದ್ದೇನೆ. ಮುಕ್ತಾಳ ಹೆಸರಿನಲ್ಲಿ ಟಿಕೆಟ್ ಬಂದರೆ ಮೂವರೂ ಬರುತ್ತೇವೆ. ಬರದಿದ್ದರೆ ಯಾರೂ ಬರುವುದಿಲ್ಲ. ಜಲಜಾಳ ಶಾಲೆಯಲ್ಲಿ ಹೈಸ್ಕೂಲಿಗೆ ಇಂಗ್ಲಿಷ್ ಟೀಚರು ಬೇಕಂತೆ, ವಿಚಾರಿಸಿದ್ದೇನೆ. ಅತ್ತೆಯವರ ಮನೆಯಲ್ಲಿ ಜಾಗ ಇಲ್ಲವೆಂದರೆ ಮುನಿತಾಯಮ್ಮನವರ ಔಟ್‌ಹೌಸು ಖಾಲಿ ಇದೆ. ಬೆದರಿಸುತ್ತಿದ್ದಾಳೆ ಅಂತ ನಗಬೇಡಿ. ಬೆದರಿಸುವವಳು ಮೊದಲು ಬೆದರಿಸಿ ಆಮೇಲೆ ವಿಚಾರಿಸುತ್ತಾಳೆ, ನಾನು ಮೊದಲು ವಿಚಾರಿಸಿ ಬಂದಿದ್ದೇನೆ.

ನಿಮ್ಮ ತಾಯಿಯವರಿಗೆ ಬೇರೆ ಕಾಗದ ಬರೆಯಿರಿ. ಬಣ್ಣ ಹಚ್ಚಿದ್ದು ನಾನು ಅಂತ ನಿಮ್ಮ ಕೈಯಲ್ಲೇ ಬರೆಯಿರಿ. ನನ್ನ ಮೇಲಿನ ಮಾತು ಹೋಗಲಿ, ನಾನು ತಡೆದುಕೊಳ್ಳುತ್ತೇನೆ. ಆ ಮಗು ಸುಳ್ಳು ಹೇಳಲಿಲ್ಲ ಅಂತ ಈ ಮನೆಯಲ್ಲಿ ಎಲ್ಲರಿಗೂ ಗೊತ್ತಾಗಬೇಕು.

ಹುಷಾರು ಅಂತ ಬರೆಯುವ ಮನಸ್ಸಿಲ್ಲ. ಕ್ವಿನೈನ್ ಮಾತ್ರೆ ಬೀರುವಿನ ಮೇಲಿನ ಅರೆಯಲ್ಲಿದೆ.

ನಿಮ್ಮ ಇಬ್ಬರು ಮಕ್ಕಳ ತಾಯಿ,
ಜಯದೇವಿ

ತಾ.ಕ.: ಕವರಿನ ಅಂಚು ಹರಿದಿರುವುದು ಕಂಡು ಯಾರೋ ಒಡೆದು ಓದಿದ್ದಾರೆ ಅಂದುಕೊಳ್ಳಬೇಡಿ. ಅಂಟಿಸಿದವಳೂ ನಾನೇ, ಕಿತ್ತವಳೂ ನಾನೇ.

ಮುಕ್ತಾ ಹಿತ್ತಲಿಂದ ಬಂದ ಹಾಗೆಯೇ, ಹುಣಸೆಹಣ್ಣಿನ ಕೈಯಲ್ಲೇ, ಅಪ್ಪನಿಗೆ ಬೈದು ಬರೆದಿದೀಯಾ ಅಂತ ಕೇಳಿದಳು. ಹೌದು ಅಂದೆ. ಬೈಬೇಡಮ್ಮಾ, ಆಮೇಲೆ ಅಪ್ಪ ಮತ್ತೆ ಊಟ ಬಿಡ್ತಾರೆ ಅಂದಳು. ಯಾವಾಗ ಊಟ ಬಿಟ್ಟಿದ್ದರು ಅಂದೆ. ಆಗ ಅಳುತ್ತಾ ಎಲ್ಲ ಹೇಳಿದಳು.

ಅವಳ ಶಿವ ಎಲ್ಲೂ ಬೀಳಲಿಲ್ಲವಂತೆ. ಬಿದ್ದದ್ದು ನಿಮ್ಮದು. ಕರಡಿಗೆ ಭಾರ ಅಂತ ಗಣಿಗೆ ಇಳಿಯುವಾಗ ನೀವು ಬಟ್ಟೆಯಲ್ಲಿ ಕಟ್ಟಿಕೊಳ್ಳುತ್ತಿದ್ದಿರಿ, ಬೇಡ ಅಂತ ನಾನು ಎಷ್ಟು ಸಲ ಹೇಳಿದ್ದೆ. ಗಂಟು ಬಿಚ್ಚಿ ಬಾವಿಯ ಹಾಗಿರುವ ಆ ಕತ್ತಲೆಗೆ ಬಿತ್ತಂತೆ, ಕೆಳಗೆ ನೀರಂತೆ. ಅಪ್ಪ ಬಚ್ಚಲಲ್ಲಿ ಅಳ್ತಿದ್ದರು, ನನ್ನದು ತಗೊಳ್ಳಿ ಅಂದೆ, ಬೇಡ ಬೇಡ ಅಂದರು, ನಾನು ಚಿಕ್ಕೋಳು ನನಗೆ ಕಿಟಕಿದು ಸಾಕು, ಅಪ್ಪ ದೊಡ್ಡೋರು ಅಪ್ಪನಿಗೆ ನಿಜದ್ದು ಬೇಕಲ್ವಾ ಅಂದೆ, ಅಂತ ಹೇಳಿದಳು.

ಅದೇ ಮಲೇರಿಯಾ. ನಾನು ಹಣೆಗೆ ಒದ್ದೆ ಬಟ್ಟೆ ಹಾಕಿ ಹಾಕಿ ತೆಗೆದ ಮಲೇರಿಯಾ. ಜ್ವರವೇ ಇಲ್ಲವಲ್ಲ ಅಂತ ಆಶ್ಚರ್ಯಪಟ್ಟಿದ್ದೆ. ನನಗೆ ಹೇಳಬಾರದಿತ್ತೇನ್ರೀ? ನಾನೂ ಎರಡು ದಿನ ನೀರು ಮುಟ್ಟದೆ ನಿಮ್ಮ ಪಕ್ಕದಲ್ಲಿ ಕೂರುತ್ತಿದ್ದೆನಲ್ಲ.

ಸಿಟ್ಟು ಇಳಿಯಿತು ಅಂದುಕೊಳ್ಳಬೇಡಿ. ಮೇಲೆ ಬರೆದದ್ದರಲ್ಲಿ ಒಂದು ಅಕ್ಷರವನ್ನೂ ಹೊಡೆದು ಹಾಕಿಲ್ಲ. ಇನ್ನೂ ಹೆಚ್ಚಾಗಿದೆ. ಅವಳು ಕೊಟ್ಟದ್ದನ್ನು ಎದೆಯ ಮೇಲೆ ಇಟ್ಟುಕೊಂಡೇ ನೀವು ಅವಳನ್ನು ಅಲ್ಲೇ ಬಿಟ್ಟು ಬರಲಿ ಅಂತ ನಿಮ್ಮ ತಾಯಿಗೆ ಬರೆದಿರಿ. ಬೆಳಿಗ್ಗೆ ಬೆಳಿಗ್ಗೆ ಅವಳ ಎದುರು ಕೂರಲು ನಿಮಗೆ ಆಗುತ್ತಿರಲಿಲ್ಲವೇನೋ. ಅದು ನಿಮ್ಮ ಕಷ್ಟ, ಅದನ್ನು ಅವಳು ಯಾಕೆ ಹೊರಬೇಕು?

ಅತ್ತೆಯವರಿಗೆ ನಾನು ಹೇಳಿಲ್ಲ, ಹೇಳುವುದೂ ಇಲ್ಲ. ಏಕಾಂತಯ್ಯನವರು ಬರುವ ಸೋಮವಾರ ಹೊಸ ಲಿಂಗ ತರುತ್ತಾರಂತೆ. ಮುಕ್ತಾ ಬೇಡವೇ ಬೇಡ ಅನ್ನುತ್ತಿದ್ದಾಳೆ. ಹೊಸದು ಅಪ್ಪನಿಗೆ ಇರಲಿ, ನನ್ನದು ಅಪ್ಪನ ಹತ್ತಿರ ಇದೆಯಲ್ಲ, ಹೋಗಿ ಇಸ್ಕೋತೀನಿ ಅಂತಾಳೆ.

ಇಸ್ಕೊಳ್ಳಲು ಬರುತ್ತಾಳೆ. ಟಿಕೆಟ್ ಕಳಿಸಿ.